ಕೋಟ್ ಎಂಬುದು ಕೋಟೆಯಲ್ಲ

ಬ್ಯಾಕಪ್ ಡಿಸ್ಕಿನಲ್ಲಿ ಮೂರು ಫೋಲ್ಡರ್ ಇದ್ದವು: ‘ಉಳ್ಳಾರ್ತಿ’, ‘ವರವು’, ‘ಕಾವಲ್’. ಇರಬೇಕಾದದ್ದು ಎರಡೇ, ‘ಉಳ್ಳಾರ್ತಿ ಕಾವಲ್’ ಮತ್ತು ‘ವರವು ಕಾವಲ್’. ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲುಗಳ, ಅಂದರೆ ದನ ಮೇಯುವ ಹುಲ್ಲುಗಾವಲುಗಳ, ಹಳೆಯ ಕಾಗದ ಕೂಡಿಹಾಕುತ್ತಿದ್ದ ಗೆಳೆಯರೊಬ್ಬರು ಪಹಣಿ ನಕಲು, ಗ್ರಾಮನಕ್ಷೆ, ಅರ್ಜಿ, ಹಿಂಬರಹ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿದ್ದರು. ಅವನ್ನು ಕಾವಲುವಾರು ಜೋಡಿಸಲು ಒಬ್ಬ ಹುಡುಗನಿಂದ ಹತ್ತು ಸಾಲಿನ ಸ್ಕ್ರಿಪ್ಟ್ ಬರೆಸಿದ್ದರು. ಏನೋ ಕಲಸುಮೇಲೋಗರ ಆಗಿದೆ, ಬಂದು ನೋಡಿ ಎಂದು ನನಗೆ ಕರೆ ಬಂತು. ‘ಉಳ್ಳಾರ್ತಿ’ ಖಾಲಿ. ‘ವರವು’ ಖಾಲಿ. ‘ಕಾವಲ್’ ಮಾತ್ರ ತುಂಬಿತ್ತು. ತೆರೆದರೆ ಮೊದಲ ಹಾಳೆಗಳೆಲ್ಲ ವರವು ಕಾವಲಿನವು. ಆ ಕಟ್ಟು ಮುಗಿದ ಕಡೆಯಿಂದ ಇದ್ದಕ್ಕಿದ್ದಂತೆ ಉಳ್ಳಾರ್ತಿಯ ಹಾಳೆ, ಅದೂ ಒಂದು ಅರ್ಜಿಯ ಎರಡನೇ ಪುಟದಿಂದ.

ನಡೆದದ್ದು ಸರಳ. ಫೋಲ್ಡರ್ ಮಾಡುವ ಕಮಾಂಡಿನ ಮುಂದೆ ಸ್ಕ್ರಿಪ್ಟು ಹೆಸರನ್ನು ಬರಿಮೈಯಲ್ಲಿ ನಿಲ್ಲಿಸಿತ್ತು. ಕಮಾಂಡನ್ನು ಓದುವ ಶೆಲ್ ನಡುವೆ ಒಂದು ಖಾಲಿ ಜಾಗ ಕಂಡಿತು, ಇವು ಎರಡು ಹೆಸರು ಎಂದುಕೊಂಡಿತು, ಎರಡು ಫೋಲ್ಡರ್ ಮಾಡಿಸಿತು. ಆಮೇಲೆ ಬಂದದ್ದು ನಕಲು ಮಾಡುವ ಕಮಾಂಡ್. ಅದರ ಲೆಕ್ಕದಲ್ಲಿ ಕೊನೆಯ ಪದವೇ ಹೋಗಿ ಸೇರಬೇಕಾದ ಜಾಗ. ಉಳ್ಳಾರ್ತಿ ಕಾವಲಿಗೂ ಕೊನೆಯ ಪದ ‘ಕಾವಲ್’, ವರವು ಕಾವಲಿಗೂ ‘ಕಾವಲ್’. ಸ್ಕ್ಯಾನರು ಪ್ರತಿ ಕಟ್ಟಿಗೂ 001ರಿಂದ ನಂಬರ್ ಹಾಕಿತ್ತಾದ್ದರಿಂದ ಆಮೇಲೆ ಬಂದ ಹಾಳೆ ಮೊದಲಿದ್ದ ಹಾಳೆಯನ್ನು ಅಳಿಸಿ ಅದರ ಜಾಗದಲ್ಲಿ ಕೂತಿತು. ಎಚ್ಚರಿಕೆಯ ಸಾಲು ಬಂದಿರಲಿಲ್ಲವೆಂದಲ್ಲ. ಬಂದಿತ್ತು, ಯಾರೂ ತೆರೆಯದ ಲಾಗ್ ಫೈಲಿಗೆ.

‘ಹೆಸರಲ್ಲಿ ಸ್ಪೇಸ್ ಇಟ್ರೆ ಹಿಂಗೇ ಆಗೋದು ಸರ್. ಅಂಡರ್‌ಸ್ಕೋರ್ ಹಾಕ್ಸಿ, ಇಲ್ಲಾ ಇಂಗ್ಲಿಷಲ್ಲಿ ಇಡಿ’ ಎಂದ ಹುಡುಗ. ಕಾಗದ ಕೊಡಲು ಬಂದು ಬಾಗಿಲ ಹತ್ತಿರ ಕೂತಿದ್ದ ಹಿರಿಯರೊಬ್ಬರು ಅಷ್ಟೂ ಹೊತ್ತು ಸುಮ್ಮನಿದ್ದವರು, ‘ಕಾವಲ್ ಬಿಟ್ರೆ ಅದು ಊರಾಗೋಗ್ತೈತೆ ಸಾಮಿ. ಊರು ಬ್ಯಾರೆ, ಕಾವಲ್ ಬ್ಯಾರೆ’ ಎಂದರು.

ಹುಡುಗನ ಮಾತು ಅವನೊಬ್ಬನದಲ್ಲ. ಸಾಫ್ಟ್‌ವೇರ್ ಮಂದಿಯ ನಡುವೆ ಅದು ಗಾದೆಯಂತೆ ಓಡಾಡುವ ಮಾತು: ಫೈಲಿನ ಹೆಸರಲ್ಲಿ ಸ್ಪೇಸ್ ಬೇಡ, ಚುಕ್ಕೆ ಚಿಹ್ನೆ ಬೇಡ, ಕನ್ನಡವಂತೂ ಬೇಡವೇ ಬೇಡ. ಸ್ವಲ್ಪ ಓದಿಕೊಂಡವರು ಇದನ್ನು ತಿದ್ದಿ ಇನ್ನೊಂದು ಹೇಳುತ್ತಾರೆ: ಸ್ಪೇಸ್ ಇರಲಿ, ಸುತ್ತ ಕೋಟ್, ಅಂದರೆ ಉದ್ಧರಣ ಚಿಹ್ನೆ, ಹಾಕಿದರಾಯಿತು. ಮೊದಲನೆಯದು ಸೋಮಾರಿತನ. ಎರಡನೆಯದು ಅರ್ಧ ತಿಳಿವಳಿಕೆ, ಹಾಗಾಗಿ ಹೆಚ್ಚು ಅಪಾಯ. ನನ್ನ ತಕರಾರು ಮುಖ್ಯವಾಗಿ ಎರಡನೆಯದರ ಜೊತೆ.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಮೈಸೂರು ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆಯನ್ನು ‘ಅಮೃತಮಹಲ್’ ಎಂದು ಬದಲಿಸಿದ್ದು ಟಿಪ್ಪು ಸುಲ್ತಾನ್. ಹೆಸರು ಬದಲಿಸಲು ಆಗ ಒಬ್ಬ ಸುಲ್ತಾನ ಬೇಕಾಗಿತ್ತು, ಈಗ ಹತ್ತು ಸಾಲಿನ ಸ್ಕ್ರಿಪ್ಟು ಸಾಕೇ? ಕಂದಾಯದ ಕಾಗದದಲ್ಲಿ ‘ಕಾವಲು’ ಹೋಗಿ ‘ಕಾವಲ್’ ಆಗಿ, ಬೇರೆ ಪದವಾಗಿ ಕೂತದ್ದಕ್ಕೆ ಅದರದೇ ಚರಿತ್ರೆಯಿದೆ. ಆ ಖಾಲಿ ಜಾಗದ ಆಚೆಗಿರುವ ಪದದ ಮೇಲೆ ಯಾರ ದನ ಎಲ್ಲಿ ಮೇಯಬಹುದು ಎಂಬ ಜಗಳಗಳೇ ನಿಂತಿವೆ. ಮೈಕ್ರೋಸಾಫ್ಟ್ ಕಂಪನಿ 1995ರ ತನ್ನ ವಿಂಡೋಸ್‌ನಲ್ಲಿ ‘ಪ್ರೋಗ್ರಾಮ್ ಫೈಲ್ಸ್’ ಎಂದು ಸ್ಪೇಸ್ ಇರುವ ಹೆಸರನ್ನೇ ಇಟ್ಟಿತು, ಇಡೀ ಜಗತ್ತು ಅದಕ್ಕೆ ಹೊಂದಿಕೊಂಡಿತು. ದೊಡ್ಡ ಕಂಪನಿಯ ಸ್ಪೇಸಿಗೆ ಇರುವ ಮರ್ಯಾದೆ ಉಳ್ಳಾರ್ತಿಯ ಸ್ಪೇಸಿಗೂ ಇರಬೇಕು ಎನ್ನುವುದು ಅತಿಯಾಸೆಯೇನಲ್ಲ. ಇದೇ ಕಾವಲುಗಳ ಸೀಮೆಯ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು, ಹೆಲಿಕಾಪ್ಟರು 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟ ಇಸ್ರೋದ ರೆಕ್ಕೆಯ ವಾಹನ ತಾನೇ ದಾರಿ ಹುಡುಕಿಕೊಂಡು ರನ್‌ವೇ ಮೇಲೆ ಇಳಿಯಿತು. ಅದೇ ಸೀಮೆಯ ಹೆಸರಿನೊಳಗಿನ ಒಂದು ಬೈಟ್ ಖಾಲಿ ಜಾಗ ನಮ್ಮ ಸ್ಕ್ರಿಪ್ಟಿಗೆ ದಾಟಲಾಗದ ಹಳ್ಳ!

ಇನ್ನು ಕೋಟ್. ಕೋಟ್ ಯಾರಿಗಾಗಿ ಹಾಕುತ್ತೇವೆ ಎಂದು ಕೇಳಿದರೆ ಹೆಚ್ಚಿನವರು ‘ಕಂಪ್ಯೂಟರಿಗೆ’ ಎನ್ನುತ್ತಾರೆ. ಅಲ್ಲ. ಲಿನಕ್ಸ್‌ನಂಥ ಯುನಿಕ್ಸ್ ಮನೆತನದ ವ್ಯವಸ್ಥೆಗಳಲ್ಲಿ ಒಂದು ಪ್ರೋಗ್ರಾಮು ಇನ್ನೊಂದನ್ನು ಎಬ್ಬಿಸುವಾಗ ಆರ್ಗ್ಯುಮೆಂಟುಗಳು, ಅಂದರೆ ಕಮಾಂಡಿನ ಜೊತೆ ಕೊಡುವ ಹೆಸರು, ಆಯ್ಕೆಗಳು, ಹೋಗುವುದು ಪಟ್ಟಿಯಾಗಿ, ಒಂದೊಂದೂ ಬೇರೆ ಬೇರೆ. ಆ ಹಂತದಲ್ಲಿ ಸ್ಪೇಸಿಗೆ ಯಾವ ವಿಶೇಷವೂ ಇಲ್ಲ. ಅದೂ ಒಂದು ಅಕ್ಷರ, ಅಷ್ಟೆ. ಕೋಟ್ ಚಿಹ್ನೆಯಂತೂ ಅಲ್ಲಿಗೆ ತಲುಪುವುದೇ ಇಲ್ಲ, ದಾರಿಯಲ್ಲೇ ಶೆಲ್ ಅದನ್ನು ಕಿತ್ತಿರುತ್ತದೆ. ಅಂದರೆ ಕೋಟ್ ಬೇಕಾಗುವುದು ನಾವು ಎಲ್ಲವನ್ನೂ ಒಂದೇ ಸಾಲಾಗಿ ಹೊಲಿದು ಶೆಲ್ಲಿನ ಕೈಗೆ ಕೊಟ್ಟು, ಮತ್ತೆ ಬಿಡಿಸು ಎಂದಾಗ ಮಾತ್ರ. ಬೇರೆಬೇರೆಯಾಗಿದ್ದ ವಸ್ತುಗಳನ್ನು ನಾವೇ ಸೇರಿಸಿ, ನಾವೇ ಬಿಡಿಸಲು ಹೇಳಿ, ಬಿಡಿಸುವವನು ತಪ್ಪದಿರಲಿ ಎಂದು ನಾವೇ ಗುರುತು ಹಾಕುವ ಉಸಾಬರಿ ಇದು.

ಚಳ್ಳಕೆರೆ ಎಣ್ಣೆಗಿರಣಿಗಳ ಊರಾದ್ದರಿಂದ ಅಲ್ಲಿನದೇ ಉದಾಹರಣೆ. ಅಂಗಡಿಗೆ ಕಳಿಸುವ ಚೀಟಿಯಲ್ಲಿ ‘ಕಡಲೆ ಬೀಜ ಎಣ್ಣೆ ಬೆಲ್ಲ’ ಎಂದು ಒಂದೇ ಉಸಿರಿಗೆ ಬರೆಯಿರಿ. ಕಡಲೆಬೀಜದ ಎಣ್ಣೆ ಮತ್ತು ಬೆಲ್ಲವೋ? ಕಡಲೆಬೀಜ, ಎಣ್ಣೆ, ಬೆಲ್ಲವೋ? ಕಡಲೆಯೇ ಬೇರೆಯೋ? ಪದಗಳ ಸುತ್ತ ಗೆರೆ ಎಳೆಯಬಹುದು, ಆದರೆ ಆ ಗೆರೆಯ ಅರ್ಥ ಅಂಗಡಿಯವನಿಗೂ ಗೊತ್ತಿರಬೇಕು, ಎಲ್ಲ ಅಂಗಡಿಯವರಿಗೂ ಒಂದೇ ಆಗಿರಬೇಕು. ಮೂರು ವಸ್ತುವಿಗೆ ಮೂರು ಚೀಟಿ ಕೊಟ್ಟರೆ ಗೆರೆಯ ಮಾತೇ ಏಳುವುದಿಲ್ಲ.

ಎಲ್ಲ ಅಂಗಡಿಯವರಿಗೂ ಒಂದೇ ಆಗಿಲ್ಲ ಎನ್ನುವುದೇ ಇಲ್ಲಿನ ತಿರುಳು. ಯುನಿಕ್ಸ್ ಶೆಲ್ಲಿನಲ್ಲಿ ಒಂಟಿ ಕೋಟ್ ಬಲು ಗಟ್ಟಿ, ಅದರೊಳಗೆ ಯಾವ ಚಿಹ್ನೆಗೂ ಬೇರೆ ಅರ್ಥವಿಲ್ಲ. ಅದೇ ಒಂಟಿ ಕೋಟನ್ನು ವಿಂಡೋಸಿನ ಕಮಾಂಡ್ ಪ್ರಾಂಪ್ಟಿಗೆ ಒಯ್ದರೆ ಅಲ್ಲಿ ಅದು ಕೋಟೇ ಅಲ್ಲ. ಹೆಸರು ಮತ್ತೆ ಎರಡು ತುಂಡಾಗಿ, ಮುಂದಿನ ತುಂಡಿನ ತಲೆಗೊಂದು, ಹಿಂದಿನ ತುಂಡಿನ ಬಾಲಕ್ಕೊಂದು ಚಿಹ್ನೆ ಅಂಟಿಕೊಂಡು ಹೋಗುತ್ತದೆ. ವಿಂಡೋಸ್‌ನಲ್ಲಿ ಆರ್ಗ್ಯುಮೆಂಟುಗಳ ಪಟ್ಟಿ ಎಂಬುದೇ ಇಲ್ಲ. ಹೊಸ ಪ್ರೋಗ್ರಾಮಿಗೆ ಹೋಗುವುದು ಒಂದೇ ಉದ್ದನೆಯ ಸಾಲು, ಹೆಚ್ಚೆಂದರೆ 32,767 ಅಕ್ಷರದ್ದು. ಅದನ್ನು ಹೇಗೆ ತುಂಡರಿಸಬೇಕು ಎನ್ನುವುದು ಆಯಾ ಪ್ರೋಗ್ರಾಮಿನ ಇಷ್ಟ. ಬಹುಪಾಲು ಪ್ರೋಗ್ರಾಮುಗಳು ಮೈಕ್ರೋಸಾಫ್ಟ್‌ನ ಸಿ ಲೈಬ್ರರಿಯ ರೂಢಿ ಹಿಡಿಯುತ್ತವೆ. ಆ ರೂಢಿಯೋ ವಿಚಿತ್ರ: ಹಿಂಬಾಗಿದ ಗೆರೆ ಎಲ್ಲೇ ಬಂದರೂ ಬರೀ ಗೆರೆ, ಆದರೆ ಜೋಡಿ ಕೋಟಿನ ಹಿಂದೆ ಬಂದರೆ ಮಾತ್ರ ಕೋಟಿನ ಬಾಯಿ ಮುಚ್ಚಿಸುವ ಗೆರೆ. ‘ಡಿ:\ಉಳ್ಳಾರ್ತಿ ಕಾವಲ್\’ ಎಂಬ ದಾರಿಗೆ ಶಿಸ್ತಾಗಿ ಜೋಡಿ ಕೋಟ್ ಹಾಕಿದಿರಿ ಎನ್ನಿ. ಕೊನೆಯ ಗೆರೆ ಹೋಗಿ ಮುಚ್ಚುವ ಕೋಟಿಗೆ ಅಂಟಿಕೊಳ್ಳುತ್ತದೆ, ಕೋಟ್ ಮುಚ್ಚುವುದಿಲ್ಲ, ಮುಂದಿನ ಆರ್ಗ್ಯುಮೆಂಟುಗಳೆಲ್ಲ ಕಾವಲಿನ ಹೊಟ್ಟೆಗೆ ಸೇರುತ್ತವೆ. ಕೋಟ್ ಹಾಕದೆ ಆದ ಅನಾಹುತವಲ್ಲ ಇದು, ಹಾಕಿದ್ದರಿಂದ ಆದದ್ದು.

ಹೆಸರಿನೊಳಗೇ ಕೋಟ್ ಇದ್ದರೆ? ಮಂಗಳೂರಿನ ಕಡೆ ಡಿ'ಸೋಜ ಎಂದು ಬರೆಯುವ ಮನೆಗಳು ಎಷ್ಟಿಲ್ಲ! ಒಂಟಿ ಕೋಟಿನ ಬೇಲಿ ಹಾಕಿದ ಸ್ಕ್ರಿಪ್ಟಿಗೆ ಆ ಹೆಸರು ಬಂದರೆ ‘ಡಿ’ ಆದ ಕೂಡಲೇ ಬೇಲಿ ಮುಗಿಯಿತು, ‘ಸೋಜ’ ಬಯಲಿಗೆ ಬಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಸಾಧು ಮನುಷ್ಯನ ಹೆಸರಾದರೆ ಸ್ಕ್ರಿಪ್ಟು ಕೆಟ್ಟು ನಿಲ್ಲುತ್ತದೆ. ಕಿಡಿಗೇಡಿ ಬರೆದ ಹೆಸರಾದರೆ ಬಯಲಿಗೆ ಬಿದ್ದ ಭಾಗ ತಾನೇ ಒಂದು ಕಮಾಂಡಾಗಿ ಓಡುತ್ತದೆ.

ಪಹಣಿಯನ್ನೇ ನೋಡಿ. ಭೂಮಿ ತಂತ್ರಾಂಶದಲ್ಲಿ ಪಹಣಿ ಹುಡುಕಿದವರಿಗೆಲ್ಲ ಗೊತ್ತು: ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಎಂದು ಮೂರು ಮನೆ. ಸರ್ನೋಕ್ ಮನೆಯಲ್ಲಿ ಬಹಳ ಸಲ ಬರುವುದು ಒಂದು ನಕ್ಷತ್ರ. ಪೋಡಿಯಾಗದ ಜಮೀನಾದರೆ ಹಿಸ್ಸಾದಲ್ಲೂ ನಕ್ಷತ್ರ. ರೈತನಿಗೆ ಅದು ಬರಿಯ ಗುರುತು. ಶೆಲ್ಲಿಗೆ ನಕ್ಷತ್ರವೆಂದರೆ ‘ಈ ಫೋಲ್ಡರಿನಲ್ಲಿರುವುದೆಲ್ಲ’. ಕೋಟಿಲ್ಲದೆ ಕೊಟ್ಟರೆ ಒಂದು ಹಿಸ್ಸಾದ ಜಾಗದಲ್ಲಿ ಅಲ್ಲಿರುವ ಅಷ್ಟೂ ಫೈಲುಗಳ ಹೆಸರು ಸಾಲಾಗಿ ನಿಲ್ಲುತ್ತವೆ. ವಿಂಡೋಸ್‌ನಲ್ಲಿ ನಕ್ಷತ್ರ ಬಿಡಿಸುವುದು ಶೆಲ್ ಅಲ್ಲ, ಆಯಾ ಪ್ರೋಗ್ರಾಮು. ಬಿಡಿಸಬಹುದು, ಬಿಡಿಸದೆ ಇರಬಹುದು. ಒಂದು ಕಡೆ ಪರೀಕ್ಷಿಸಿ ‘ಸರಿಯಿದೆ’ ಎಂದದ್ದು ಇನ್ನೊಂದು ಕಡೆ ಕೈಕೊಡಲು ಇಷ್ಟು ಸಾಕು.

ಕನ್ನಡಕ್ಕೆಂದೇ ಕಾದಿರುವ ಹೊಂಡಗಳೂ ಇವೆ, ಇವನ್ನು ಇಂಗ್ಲಿಷ್ ಮಾತ್ರ ಬಳಸುವವರು ಜನ್ಮದಲ್ಲಿ ಕಾಣುವುದಿಲ್ಲ. ‘ಉಳ್ಳಾರ್ತಿ ಕಾವಲ್’ ಎಂಬುದು ಕಂಪ್ಯೂಟರಿನೊಳಗೆ 43 ಬೈಟ್: ಹದಿನಾಲ್ಕು ಕನ್ನಡ ಸಂಕೇತ, ತಲಾ ಮೂರು ಬೈಟ್, ಜೊತೆಗೆ ಆ ಕುಖ್ಯಾತ ಸ್ಪೇಸಿನದೊಂದು. ಪಿಎಚ್‌ಪಿ ಭಾಷೆಯಲ್ಲಿ ಆರ್ಗ್ಯುಮೆಂಟಿಗೆ ಕೋಟ್ ಹಾಕಿಕೊಡಲೆಂದೇ ಒಂದು ಫಂಕ್ಷನ್ ಇದೆ. ಸರ್ವರಿನ ಲೊಕೇಲು, ಅಂದರೆ ಭಾಷೆಯ ಹೊಂದಿಕೆ, ‘ಸಿ’ ಎಂದಿದ್ದರೆ ಅದಕ್ಕೆ ಕನ್ನಡದ ಬೈಟುಗಳು ಅರ್ಥವಾಗುವುದಿಲ್ಲ. ಅರ್ಥವಾಗದ್ದನ್ನು ಅದು ತಪ್ಪು ಎಂದು ಹೇಳುವುದೂ ಇಲ್ಲ, ಸದ್ದಿಲ್ಲದೆ ತೆಗೆದುಹಾಕುತ್ತದೆ. ನಲವತ್ತೆರಡು ಬೈಟ್ ಹೋಗಿ ಕೋಟಿನೊಳಗೆ ಉಳಿಯುವುದು ಆ ಸ್ಪೇಸ್ ಒಂದೇ. ಯಾವುದರಿಂದ ಕಾಪಾಡಲು ಕೋಟ್ ಹಾಕಿದೆವೋ ಅದೊಂದೇ ಬದುಕುಳಿಯಿತು! ಅದೇ ಫಂಕ್ಷನ್ ವಿಂಡೋಸ್‌ನಲ್ಲಿ ಶೇಕಡಾ ಚಿಹ್ನೆ, ಆಶ್ಚರ್ಯಸೂಚಕ, ಜೋಡಿ ಕೋಟ್ ಈ ಮೂರನ್ನೂ ಸ್ಪೇಸ್ ಮಾಡಿಬಿಡುತ್ತದೆ. ಇದನ್ನು ರಕ್ಷಣೆ ಎನ್ನಬೇಕೋ, ಕಳ್ಳ ಬರಬಾರದೆಂದು ಮನೆಯ ಸಾಮಾನನ್ನು ನಾವೇ ಬಾವಿಗೆ ಹಾಕಿದ್ದು ಎನ್ನಬೇಕೋ?

ಒಂದು ಕೋಟ್ ಸಾಲದಿದ್ದರೆ ಎರಡು ಹಾಕೋಣ ಎನ್ನುವವರಿದ್ದಾರೆ. ಚಿತ್ರದುರ್ಗದ್ದು ಏಳು ಸುತ್ತಿನ ಕೋಟೆ, ಆದರೂ ಹೈದರನ ಸೈನಿಕರು ನುಸುಳಿದ್ದು ಒಂದು ಕಿಂಡಿಯಲ್ಲಿ ಎಂದು ಓಬವ್ವನ ಕಥೆ ಹೇಳುತ್ತದೆ. ಅಲ್ಲಿ ಕಿಂಡಿ ಬಂಡೆಗಳ ನಡುವೆ ತಾನಾಗಿ ಇತ್ತು. ಇಲ್ಲಿ ಎರಡು ಸುತ್ತು ಕಟ್ಟಿದಾಗ ಅವುಗಳ ನಡುವೆ ಹೊಸ ಕಿಂಡಿ ಹುಟ್ಟುತ್ತದೆ. 2016ರ ಡಿಸೆಂಬರಿನಲ್ಲಿ ಪಿಎಚ್‌ಪಿಮೇಲರ್ ಎಂಬ, ಲೆಕ್ಕವಿಲ್ಲದಷ್ಟು ಜಾಲತಾಣಗಳು ಅಂಚೆ ಕಳಿಸಲು ನೆಚ್ಚಿಕೊಂಡಿದ್ದ ಲೈಬ್ರರಿಯಲ್ಲಿ ದೋಷ ಸಿಕ್ಕಿತು. ಕಳಿಸುವವರ ವಿಳಾಸದ ಜಾಗದಲ್ಲಿ ಕೋಟುಗಳನ್ನು ಹದವಾಗಿ ಬೆರೆಸಿ ಬರೆದರೆ ಅಂಚೆ ಪ್ರೋಗ್ರಾಮಿಗೆ ಹೆಚ್ಚುವರಿ ಆರ್ಗ್ಯುಮೆಂಟು ತಳ್ಳಬಹುದಿತ್ತು. ಅವಸರದಲ್ಲಿ ತಿದ್ದಿದರು, ಕೋಟ್ ಹಾಕುವ ಫಂಕ್ಷನ್ ಸೇರಿಸಿದರು. ಆದರೆ ಪಿಎಚ್‌ಪಿಯ ಅಂಚೆ ಫಂಕ್ಷನ್ ಒಳಗೊಳಗೇ ಇನ್ನೊಂದು ಬಗೆಯಲ್ಲಿ ಚಿಹ್ನೆಗಳ ಬಾಯಿ ಮುಚ್ಚಿಸುತ್ತಿತ್ತು. ಎರಡು ರಕ್ಷಣೆಗಳು ಒಂದನ್ನೊಂದು ರದ್ದುಮಾಡಿದವು, ಕೆಲವೇ ದಿನಗಳಲ್ಲಿ ಅದೇ ದೋಷ ಹೊಸ ನಂಬರಿನಲ್ಲಿ ಮತ್ತೆ ದಾಖಲಾಯಿತು.

ಕೋಟ್ ನೆಟ್ಟಗಿದ್ದೂ ಮನೆ ಮುಳುಗಿದ ಪ್ರಸಂಗ ಬೇಕೇ? 2015ರ ಜನವರಿಯಲ್ಲಿ ಲಿನಕ್ಸ್‌ನ ಸ್ಟೀಮ್ ಆಟದ ತಂತ್ರಾಂಶ ಒಬ್ಬ ಬಳಕೆದಾರನ ಫೈಲುಗಳನ್ನೆಲ್ಲ ಅಳಿಸಿತು, ಸಿಕ್ಕಿಸಿದ್ದ ಹೊರಗಿನ ಡಿಸ್ಕನ್ನೂ ಬಿಡಲಿಲ್ಲ. ಅಳಿಸುವ ಆ ಸಾಲಿನಲ್ಲಿ ಕೋಟ್ ಇತ್ತು, ಇರಬೇಕಾದ ಕಡೆಯೇ ಇತ್ತು. ಫೋಲ್ಡರಿನ ದಾರಿ ತುಂಬಬೇಕಾದ ಜಾಗ ಮಾತ್ರ ಖಾಲಿಯಾಗಿತ್ತು, ಹಾಗಾಗಿ ‘ಇಂಥ ಫೋಲ್ಡರಿನ ಒಳಗಿರುವುದೆಲ್ಲ’ ಎಂಬುದು ‘ಬೇರಿನಿಂದ ಎಲ್ಲ’ ಎಂದಾಯಿತು. ಇನ್ನೊಂದು 2017ರದು. ಹೆಸರು ಅಡ್ಡಗೆರೆಯಿಂದ ಶುರುವಾದರೆ ಬಹುತೇಕ ಪ್ರೋಗ್ರಾಮುಗಳು ಅದನ್ನು ಹೆಸರೆಂದುಕೊಳ್ಳುವುದಿಲ್ಲ, ಆಯ್ಕೆಯೆಂದುಕೊಳ್ಳುತ್ತವೆ. ಕೋಡ್ ಕಾಪಿಡುವ ಗಿಟ್ ತಂತ್ರಾಂಶದಲ್ಲಿ ಸರ್ವರಿನ ಹೆಸರಿನ ಜಾಗಕ್ಕೆ ಅಡ್ಡಗೆರೆಯ ಪದ ಕೊಟ್ಟು, ಆ ಸರ್ವರಿಗೆ ಸಂಪರ್ಕ ಕೊಡುವ ಎಸ್‌ಎಸ್‌ಎಚ್ ಪ್ರೋಗ್ರಾಮು ಅದನ್ನು ಆಯ್ಕೆಯೆಂದು ನಂಬಿ, ಬೇಕಾದ ಕಮಾಂಡನ್ನು ಓಡಿಸುವಂತೆ ಮಾಡಬಹುದಿತ್ತು. ಇಲ್ಲಿ ಕೋಟನ್ನು ಹೇಗೆ ಹಾಕಿದರೂ ವ್ಯರ್ಥ. ‘ಇಲ್ಲಿಗೆ ಆಯ್ಕೆ ಮುಗಿಯಿತು’ ಎಂದು ಹೇಳುವ ಜೋಡಿ ಅಡ್ಡಗೆರೆ ಇಡಬೇಕು, ಇಲ್ಲವೇ ಅಂಥ ಹೆಸರನ್ನು ಬಾಗಿಲಲ್ಲೇ ನಿಲ್ಲಿಸಬೇಕು.

ಇಲ್ಲಿಗೆ ಎದುರುವಾದಿ ಬಾಯಿ ತೆರೆಯುತ್ತಾನೆ, ತೆರೆಯಬೇಕು. ಪಟ್ಟಿಯಾಗಿ ಕೊಡಿ ಎನ್ನುತ್ತೀರಿ, ವಿಂಡೋಸ್‌ನಲ್ಲಿ ಪಟ್ಟಿಯೇ ಇಲ್ಲ ಎಂದೂ ನೀವೇ ಹೇಳಿದಿರಿ. ಪೈಥಾನ್ ಭಾಷೆಯಾಗಲಿ ರಸ್ಟ್ ಭಾಷೆಯಾಗಲಿ ನೀವು ಕೊಟ್ಟ ಪಟ್ಟಿಯನ್ನು ಅಡಿಯಲ್ಲಿ ಮತ್ತೆ ಒಂದು ಸಾಲಾಗಿ ಹೊಲಿಯಲೇಬೇಕಲ್ಲ? 2024ರ ಏಪ್ರಿಲ್‌ನಲ್ಲಿ ಆದದ್ದೇನು?

ಸರಿಯಾದ ಪ್ರಶ್ನೆ. ಆ ಏಪ್ರಿಲ್‌ನಲ್ಲಿ ‘ಬ್ಯಾಟ್‌ಬ್ಯಾಡ್‌ಬಟ್’ ಎಂಬ ದೋಷ ಹೊರಬಂತು. ವಿಂಡೋಸ್‌ನಲ್ಲಿ ಬ್ಯಾಚ್ ಫೈಲನ್ನು ಓಡಿಸಿದರೆ ನಾವು ಕರೆಯದಿದ್ದರೂ ಹಳೆಯ ಕಮಾಂಡ್ ಪ್ರಾಂಪ್ಟು ನಡುವೆ ಬಂದು ಕೂರುತ್ತದೆ. ಅದರ ಬಿಡಿಸುವ ನಿಯಮವೇ ಬೇರೆ. ಜೋಡಿ ಕೋಟಿನ ಒಳಗೂ ಶೇಕಡಾ ಚಿಹ್ನೆಗಳ ನಡುವಿನ ಹೆಸರನ್ನು ಅದು ಬಿಡಿಸಿ ನೋಡುತ್ತದೆ. ಭಾಷೆಗಳ ಲೈಬ್ರರಿಗಳು ಸಿ ಲೈಬ್ರರಿಯ ರೂಢಿಯಂತೆ ಕೋಟ್ ಹಾಕಿ ಕೈತೊಳೆದುಕೊಂಡಿದ್ದವು. ರಸ್ಟ್‌ನಲ್ಲಿ ಇದು ಸಿವಿಇ-2024-24576 ಎಂಬ ದೋಷಸಂಖ್ಯೆಯಲ್ಲಿ ದಾಖಲಾಗಿ ತೀವ್ರತೆಯಲ್ಲಿ ಹತ್ತಕ್ಕೆ ಹತ್ತು ಪಡೆಯಿತು. ನೋಡ್, ಪಿಎಚ್‌ಪಿ, ಹ್ಯಾಸ್ಕೆಲ್‌ಗಳೂ ಸಾಲಿನಲ್ಲಿದ್ದವು. ರಸ್ಟ್‌ನ ಮೊದಲ ತಿದ್ದುಪಡಿಯೂ ಪೂರ್ತಿ ಸಾಲದೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಇನ್ನೊಂದು ಬೇಕಾಯಿತು.

ಇದು ನನ್ನ ವಾದವನ್ನು ಬೀಳಿಸುವುದಿಲ್ಲ, ಎತ್ತಿ ಹಿಡಿಯುತ್ತದೆ. ಇಡೀ ಲೋಕದ ಕಣ್ಣು ನೆಟ್ಟಿರುವ, ಪರಿಣತರು ಕೂತು ಬರೆದ ಲೈಬ್ರರಿಗೇ ಕೋಟ್ ಹಾಕುವ ಕೆಲಸ ಎರಡು ಸಲಕ್ಕೂ ಸಲೀಸಾಗಿ ಬಗ್ಗಲಿಲ್ಲ. ಮಧ್ಯಾಹ್ನದ ಊಟದ ಮೊದಲು ಹತ್ತು ಸಾಲು ಬರೆದು ಮುಗಿಸುವ ನಮಗೆ ಬಗ್ಗುತ್ತದೆಯೇ? ಹೊಲಿಗೆ ಅನಿವಾರ್ಯವಾದ ಕಡೆ ಅದು ಒಂದೇ ಜಾಗದಲ್ಲಿ ಆಗಲಿ, ಕಿತ್ತುಬಂದರೆ ಅಲ್ಲೊಂದು ಕಡೆ ತಿದ್ದಿದರೆ ಎಲ್ಲರಿಗೂ ತಲುಪಲಿ. ಪ್ರತಿಯೊಬ್ಬನೂ ತನ್ನ ಸ್ಕ್ರಿಪ್ಟಿನಲ್ಲಿ ತನ್ನದೇ ಸೂಜಿ ಹಿಡಿದು ಕೂರುವುದು ಬೇಡ. ಇನ್ನೊಂದು, ನನಗೆ ಹೆಚ್ಚು ಹಿಡಿಸಿದ್ದು: ತಿದ್ದಿದ ರಸ್ಟ್ ಈಗ ಬ್ಯಾಚ್ ಫೈಲಿಗೆ ಸುರಕ್ಷಿತವಾಗಿ ಕೊಡಲಾಗದ ಆರ್ಗ್ಯುಮೆಂಟು ಬಂದರೆ ‘ಆಗುವುದಿಲ್ಲ’ ಎಂದು ಹೇಳಿ ಕೆಲಸ ನಿಲ್ಲಿಸುತ್ತದೆ. ಅಕ್ಷರ ನುಂಗುವುದಿಲ್ಲ, ಊಹಿಸುವುದಿಲ್ಲ. ನಮ್ಮ ಸ್ಕ್ರಿಪ್ಟು ಅಷ್ಟು ಮಾಡಿದ್ದರೆ ಉಳ್ಳಾರ್ತಿಯ ಅರ್ಜಿಯ ಮೊದಲ ಪುಟ ಉಳಿಯುತ್ತಿತ್ತು.

ಪಟ್ಟಿ ಕೊಟ್ಟೂ ತಪ್ಪಿಸಿಕೊಳ್ಳಲಾಗದ ಕಡೆಗಳಿವೆ, ಒಪ್ಪುತ್ತೇನೆ. ದೂರದ ಕಂಪ್ಯೂಟರಿಗೆ ಕಮಾಂಡ್ ಒಯ್ಯುವ ಎಸ್‌ಎಸ್‌ಎಚ್, ನೀವು ಎಷ್ಟೇ ಬೇರೆಬೇರೆಯಾಗಿ ಕೊಟ್ಟರೂ ನಡುವೆ ಸ್ಪೇಸ್ ಇಟ್ಟು ಒಂದಾಗಿಸಿ ಆಚೆಯ ಶೆಲ್ಲಿಗೆ ಓದಿಸುತ್ತದೆ. ಅಂಥ ಕಡೆ ನಾನು ಹೆಸರುಗಳನ್ನು ಕಮಾಂಡಿನ ಸಾಲಿಗೆ ಸೇರಿಸುವುದನ್ನೇ ಬಿಟ್ಟಿದ್ದೇನೆ. ಹೆಸರು ಡೇಟಾ, ಅದು ಡೇಟಾ ಹೋಗುವ ದಾರಿಯಲ್ಲೇ ಹೋಗಲಿ: ಒಂದು ಫೈಲಿನಲ್ಲಿಟ್ಟೋ, ಆಚೆಯ ಪ್ರೋಗ್ರಾಮಿನ ಇನ್‌ಪುಟ್ಟಿಗೆ ಹರಿಸಿಯೋ. ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ ಸೊನ್ನೆ ಬೈಟ್ ಇಟ್ಟರೆ ಗೊಂದಲವಿಲ್ಲ, ಯಾಕೆಂದರೆ ಯಾವ ಫೈಲಿನ ಹೆಸರಿನಲ್ಲೂ ಬರಲಾರದ ಬೈಟು ಅದು. ಹುಡುಕುವ ಮತ್ತು ಹಂಚುವ ಯುನಿಕ್ಸ್ ಕಮಾಂಡುಗಳಲ್ಲಿ ಈ ಪದ್ಧತಿ ಎಷ್ಟೋ ಕಾಲದಿಂದ ಇತ್ತು, 2024ರಲ್ಲಿ ಯುನಿಕ್ಸ್ ವ್ಯವಸ್ಥೆಗಳ ಪಾಸಿಕ್ಸ್ ಮಾನಕಕ್ಕೂ ಸೇರಿತು.

‘ಇಷ್ಟೆಲ್ಲ ಯಾಕೆ ಸರ್, ನಮ್ಮ ಫೈಲಿನ ಹೆಸರು ನಮಗೆ ಗೊತ್ತಿರ್ತದಲ್ಲ’ ಎಂದು ಹುಡುಗ ಕೇಳಿದ. ಗೊತ್ತಿದ್ದರೆ ‘ಕಾವಲ್’ ಎಂಬ ಫೋಲ್ಡರು ಎಲ್ಲಿಂದ ಬಂತು ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಸ್ಕ್ರಿಪ್ಟನ್ನು ಇಬ್ಬರೂ ಕೂತು ಪೈಥಾನಿಗೆ ಬದಲಿಸಿದೆವು. ಶೆಲ್ಲನ್ನು ಕರೆಯಲೇ ಇಲ್ಲ, ಫೋಲ್ಡರ್ ಮಾಡುವುದನ್ನೂ ನಕಲು ಮಾಡುವುದನ್ನೂ ಭಾಷೆಯ ಒಳಗಿನ ಫಂಕ್ಷನ್ನುಗಳಿಗೇ ಬಿಟ್ಟೆವು. ಹಾಳೆಗಳನ್ನು ಪಿಡಿಎಫ್ ಮಾಡುವ ಹಳೆಯ ಪ್ರೋಗ್ರಾಮು ಒಂದನ್ನು ಮಾತ್ರ ಹೊರಗಿನಿಂದ ಕರೆಯಬೇಕಿತ್ತು, ಅದಕ್ಕೆ ಪಟ್ಟಿ. ಸ್ಕ್ಯಾನ್ ಆದ ಮೂಲ ಹಾಳೆಗಳು ಸ್ಕ್ಯಾನರ್ ಪಕ್ಕದ ಕಂಪ್ಯೂಟರಿನಲ್ಲಿ ಇನ್ನೂ ಇದ್ದದ್ದು ಗೆಳೆಯರ ಪುಣ್ಯ.

ಆಮೇಲೆ ಒಂದು ಕೆಟ್ಟ ಹೆಸರುಗಳ ಪಟ್ಟಿ ಬರೆದುಕೊಟ್ಟೆ: ಉಳ್ಳಾರ್ತಿ ಕಾವಲ್. ಡಿ'ಸೋಜ. ಒಂಟಿ ನಕ್ಷತ್ರ. ಅಡ್ಡಗೆರೆಯಿಂದ ಶುರುವಾಗುವ ಒಂದು. 100% ಎಂದೊಂದು. ಹಿಂಬಾಗಿದ ಗೆರೆಯಲ್ಲಿ ಮುಗಿಯುವ ಒಂದು. ನಡುವೆ ಜೋಡಿ ಕೋಟ್ ಇರುವ ಒಂದು. ಏನೂ ಇಲ್ಲದ ಖಾಲಿಯೂ ಒಂದು. ಪ್ರತಿಯೊಂದನ್ನೂ ಆರ್ಗ್ಯುಮೆಂಟಾಗಿ ಕಳಿಸು, ಆ ಬದಿಯಲ್ಲಿ ಏನು ತಲುಪಿತೋ ಹಾಗೇ ಬರೆದು ವಾಪಸು ತರಿಸು, ಬೈಟಿಗೆ ಬೈಟ್ ತಾಳೆ ನೋಡು ಎಂದೆ. ಅವನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಎಂಟೂ ತಾಳೆಯಾದವು. ಗೆಳೆಯರ ವಿಂಡೋಸ್ ಕಂಪ್ಯೂಟರಿನಲ್ಲಿ ನಕ್ಷತ್ರ, ಶೇಕಡಾ, ಕೋಟುಗಳೆಲ್ಲ ನೆಟ್ಟಗೆ ಮರಳಿದವು. ಕನ್ನಡ ಅಕ್ಷರವಿದ್ದವು ಮಾತ್ರ ಆ ಹಳೆಯ ಪ್ರೋಗ್ರಾಮಿನ ಬಾಯಿಂದ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದವು, ಉಳ್ಳಾರ್ತಿ ಕಾವಲಿಗೆ ಒಂಬತ್ತು, ಒಂದು ಸ್ಪೇಸ್, ಮತ್ತೆ ಐದು. ಅಂಥ ಪ್ರೋಗ್ರಾಮುಗಳು ನೆಚ್ಚುವ ವಿಂಡೋಸ್‌ನ ಹಳೆಯ ಅಕ್ಷರಪಟ್ಟಿಗಳಲ್ಲಿ (ಕೋಡ್‌ಪೇಜ್) ಕನ್ನಡಕ್ಕೆ ಒಂದು ಜಾಗವನ್ನೂ ಕೊಟ್ಟಿರಲಿಲ್ಲ, ಯುನಿಕೋಡ್ ಓದಲು ಕಲಿಯದ ಪ್ರೋಗ್ರಾಮುಗಳಿಗೆ ನಮ್ಮ ಅಕ್ಷರವೆಲ್ಲ ಒಂದೇ ಪ್ರಶ್ನೆ.

‘ಸ್ಪೇಸ್ ಮಾತ್ರ ಸರಿಯಾಗಿ ಬಂದಿದೆ ಸರ್’ ಎಂದ ಹುಡುಗ. ಆ ಪ್ರೋಗ್ರಾಮಿನ ಬದಲಿಗೆ ಬೇರೆ ಯಾವುದಿದೆ ಎಂದು ಈಗ ಹುಡುಕುತ್ತಿದ್ದಾನೆ.